ರೊಟ್ಟಿ ಮುರಿಯುವ ಮುನ್ನ
(ಬೀದರಿನಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಸಂಜೆ ಕೂಟವೊಂದರಲ್ಲಿ ನೀಡಿದ ಉಪನ್ಯಾಸ)

ಸಭಾಪಾಲಕರಿಗೂ ಹಿರಿಯರಿಗೂ, ಔರಾದ, ಭಾಲ್ಕಿ, ಹುಮನಾಬಾದ ಕಡೆಯಿಂದ ಬಂದಿರುವ ಸಹೋದರ ಸಹೋದರಿಯರಿಗೂ ವಂದನೆಗಳು.

ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನಕ್ಕೆ ಮುನ್ನ ನಾವೆಲ್ಲ ಕೇಳುವ ಮಾತೊಂದಿದೆ: ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು ರೊಟ್ಟಿಯನ್ನು ತಿನ್ನಲಿ, ಪಾತ್ರೆಯಿಂದ ಕುಡಿಯಲಿ. ಕೇಳಿದ ಕೂಡಲೇ ಕಣ್ಣು ಮುಚ್ಚುತ್ತೇವೆ. ಸುಳ್ಳು ಹೇಳಿದೆನೇ, ಸಿಟ್ಟು ಮಾಡಿದೆನೇ, ಪ್ರಾರ್ಥನೆ ತಪ್ಪಿಸಿದೆನೇ ಎಂದು ಒಳಗೊಳಗೇ ಲೆಕ್ಕ ಹಾಕಿ, ಕ್ಷಮೆ ಬೇಡಿ, ಹಗುರಾದ ಮನಸ್ಸಿನಿಂದ ಏಳುತ್ತೇವೆ. ಅದು ಬೇಕು. ಆದರೆ ಅಪೊಸ್ತಲನಾದ ಪೌಲನು ಆ ಮಾತನ್ನು ಬರೆದದ್ದು ಯಾವ ನೋವಿನಿಂದ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯವನ್ನು 17ನೆಯ ವಚನದಿಂದ ಓದಿಕೊಂಡು ಬನ್ನಿ. ಕ್ರಿ.ಶ. 55ರ ಸುಮಾರಿನ, ಗ್ರೀಕ್ ಪಟ್ಟಣ ಕೊರಿಂಥದ ಸಭೆ ಅದು. ಆಗ ಕ್ರೈಸ್ತರಿಗೆ ದೇವಾಲಯದ ಕಟ್ಟಡಗಳಿರಲಿಲ್ಲ. ಯಾರದಾದರೂ ಮನೆಯಲ್ಲಿ ಸೇರುತ್ತಿದ್ದರು; ಹೊಟ್ಟೆ ತುಂಬುವ ಊಟವೂ ಪ್ರಭುವಿನ ಭೋಜನವೂ ಒಟ್ಟಿಗೇ ನಡೆಯುತ್ತಿದ್ದವು. ಅಲ್ಲಿ ಉಳ್ಳವರು ತಮ್ಮ ಊಟವನ್ನು ತಾವು ಮೊದಲೇ ಮುಗಿಸಿಬಿಡುತ್ತಿದ್ದರು. ಒಬ್ಬನು ಹಸಿದಿದ್ದರೆ ಇನ್ನೊಬ್ಬನು ಕುಡಿದು ಅಮಲೇರಿಸಿಕೊಂಡಿದ್ದಾನೆ ಎಂದು ಪೌಲನು ಬರೆಯುತ್ತಾನೆ. ಹಸಿದವರು ಬಹುಶಃ ದಾಸರು, ಕೂಲಿಯವರು, ಯಜಮಾನನ ಕೆಲಸ ಮುಗಿಸಿ ತಡವಾಗಿ ಬಂದವರು. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಅವನು ಗದರಿಸುತ್ತಾನೆ. ಪರೀಕ್ಷಿಸಿಕೊಳ್ಳಿರಿ ಎಂಬ ಮಾತು ಬರುವುದು ಆ ಗದರಿಕೆಯ ನಂತರ. ಅದಾದ ಮೇಲೆ ಅವನು ಸೂಚಿಸುವ ಪರಿಹಾರ ತೀರ ಸರಳ: ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ.

ಆತ್ಮಪರೀಕ್ಷೆಯ ಮೊದಲ ಪ್ರಶ್ನೆ ಇದೇ ಎಂದು ನಾನು ನಂಬುತ್ತೇನೆ: ನಾನು ಯಾರಿಗಾಗಿ ಕಾಯಲಿಲ್ಲ? ನಮ್ಮ ಊರಿನ ಸಿಖ್ಖರ ಗುರುದ್ವಾರ ಗುರುನಾನಕ ಝೀರಾಕ್ಕೆ ಹೋದವರಿಗೆ ಗೊತ್ತು, ಅಲ್ಲಿನ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ತೆರೆದ ಉಚಿತ ಊಟದ ಸಾಲಿನಲ್ಲಿ, ಯಾರೇ ಬಂದರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಕೊರಿಂಥದವರು ಅದನ್ನು ನೋಡಿದ್ದರೆ ತಲೆ ತಗ್ಗಿಸುತ್ತಿದ್ದರು. ನಾವೂ ಆ ಸಾಲನ್ನು ಕಣ್ಣು ತೆರೆದು ನೋಡಬೇಕು.

ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ನೀವು ಅವರಿಗೆ ಮಾಡಿರಿ ಎಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ. ಅದೇ ಅಧ್ಯಾಯದ ಆರಂಭದಲ್ಲಿ, ಸಹೋದರನ ಕಣ್ಣಿನ ರವೆಯನ್ನು ನೋಡುವ ನಾವು ನಮ್ಮ ಕಣ್ಣಿನ ತೊಲೆಯನ್ನು ಕಾಣುವುದಿಲ್ಲ ಎಂಬ ಮಾತಿದೆ. ಎರಡನ್ನೂ ಸೇರಿಸಿ ಓದಿದರೆ ಆತ್ಮಪರೀಕ್ಷೆಗೆ ಅಳತೆಗೋಲು ಸಿಗುತ್ತದೆ. ನನ್ನ ಮನಸ್ಸಿಗೆ ಎಷ್ಟು ನೆಮ್ಮದಿ ಇದೆ ಎಂಬುದು ಅಳತೆಯಲ್ಲ. ನನ್ನಿಂದ ಅವರಿಗೆ ಆದದ್ದು ನನಗೇ ಆಗಿದ್ದರೆ ಸಹಿಸುತ್ತಿದ್ದೆನೇ ಎಂಬುದು ಅಳತೆ.

ಏನು ಬಯಸುತ್ತೇವೆ ಎಂಬುದು ನಮಗೆ ತಿಳಿಯದ್ದೇನಲ್ಲ, ಏಕೆಂದರೆ ಅದನ್ನು ಕಳೆದುಕೊಂಡ ನೆನಪಿದೆ. ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲರಿಗೆ ಹೇಳುವುದೂ ಇದನ್ನೇ: ಪರದೇಶಿಯನ್ನು ಪೀಡಿಸಬೇಡಿ, ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪರದೇಶಿಗಳಾಗಿದ್ದಿರಿ, ಅವರ ಮನಸ್ಸಿನ ವ್ಯಥೆ ನಿಮಗೆ ಗೊತ್ತು. ನಮ್ಮಲ್ಲಿ ಬಹಳ ಮಂದಿಯ ಅಜ್ಜ ಅಜ್ಜಿಯರನ್ನು ಹೊರಗೆ ನಿಲ್ಲಿಸಿ ಮೇಲಿನಿಂದ ನೀರು ಸುರಿದ ಕಾಲ ತೀರ ಹಿಂದಿನದೇನಲ್ಲ. ಬಾಡಿಗೆ ಮನೆ ಕೇಳಲು ಹೋದಾಗ 'ನೀವು ಯಾವ ಜನ?' ಎಂಬ ಪ್ರಶ್ನೆಗೆ ಉತ್ತರಿಸಿ, ಬಾಗಿಲಲ್ಲೇ ತಿರುಗಿ ಬಂದವರು ಈ ಕೂಟದಲ್ಲೂ ಇದ್ದೀರಿ. ಈಗ ನಮ್ಮಲ್ಲಿ ಕೆಲವರು ಸ್ವಂತ ಮನೆ ಕಟ್ಟಿ, ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುತ್ತಿದ್ದಾರೆ. ಬಂದವರಿಗೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಮಗಳ ಮದುವೆ ಮಾತು ಬಂದಾಗ ವಿಶ್ವಾಸಿಗಳ ಮನೆಯಲ್ಲೂ ಬಳಸಿ ಬಳಸಿ ವಿಚಾರಿಸುವುದು ಏನನ್ನು? ದೀಕ್ಷಾಸ್ನಾನದ ನೀರಿನಲ್ಲಿ ಮುಳುಗಿ ಎದ್ದವರು ಹಳೆಯ ಅಳತೆಯನ್ನು ದಡದಲ್ಲಿ ಬಚ್ಚಿಟ್ಟು ಬಂದು ಮತ್ತೆ ಕೈಗೆತ್ತಿಕೊಳ್ಳುವುದು ನನಗೆ ತುಂಬ ನೋವು ಕೊಡುವ ಸಂಗತಿ.

ಕೂಲಿಯ ಮಾತೂ ಇದೆ. ಈಗ ಕಡಲೆ, ಜೋಳದ ರಾಶಿಯ ದಿನಗಳು. ಕೂಲಿಯವನ ಕೂಲಿ ಬೆಳಗಿನ ತನಕ ನಿಮ್ಮಲ್ಲಿ ಉಳಿಯಬಾರದು ಎಂದು ಯಾಜಕಕಾಂಡ ಹೇಳುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತಿದೆ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆಯುತ್ತಾನೆ. ರಾಶಿ ಮಾರಿದ ಮೇಲೆ ಕೊಡುತ್ತೇನೆ ಎಂದು ಹೇಳಿದವರು, ಹೈದರಾಬಾದಿನಲ್ಲೋ ಪುಣೆಯಲ್ಲೋ ನಮ್ಮ ಮಕ್ಕಳ ಸಂಬಳವನ್ನು ಗುತ್ತಿಗೆದಾರ ತಡೆಹಿಡಿದಾಗ ಎಷ್ಟು ಫೋನ್ ಮಾಡಿದೆವು, ಎಷ್ಟು ಅತ್ತೆವು ಎಂಬುದನ್ನು ನೆನೆಯಲಿ.

ಒಬ್ಬರೇ ಕುಳಿತು ಪರೀಕ್ಷಿಸಿಕೊಂಡರೆ ನಮಗೆ ನಾವೇ ರಿಯಾಯಿತಿ ಕೊಟ್ಟುಕೊಳ್ಳುತ್ತೇವೆ. ಇದನ್ನು ಬಲ್ಲ, ಮೆಥಡಿಸ್ಟ್ ಸಭೆಗಳಿಗೆ ಮೂಲಪುರುಷರಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1738ರಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ನಿಯಮ ಬರೆದರು. ವಾರಕ್ಕೊಮ್ಮೆಯಾದರೂ ಸೇರಬೇಕು, ಕಳೆದ ಸಲ ಸೇರಿದ ಮೇಲೆ ತಿಳಿದು ಮಾಡಿದ ಪಾಪವೇನು ಎಂದು ಪ್ರತಿಯೊಬ್ಬರನ್ನೂ ಕೇಳಬೇಕು. ಗುಂಪಿಗೆ ಸೇರುವ ಮುನ್ನವೇ ಇನ್ನೊಂದು ಪ್ರಶ್ನೆ: ನಿನ್ನ ತಪ್ಪುಗಳನ್ನು ಇತರರು ನಿನಗೆ ಹೇಳಬೇಕೆಂದು ಬಯಸುತ್ತೀಯಾ? ಮೆಥಡಿಸ್ಟ್ ಎಂಬ ಹೆಸರು ಹೊತ್ತ ನಮ್ಮ ಜಿಲ್ಲೆಯ ಸಭೆಗಳಲ್ಲಿ ಈ ಪ್ರಶ್ನೆ ಮತ್ತೆ ಕೇಳಿಬರಬೇಕು. 'ನನ್ನ ತಪ್ಪೇನು, ಹೇಳು' ಎಂದು ಅತ್ತೆ ಸೊಸೆಗೆ, ಒಕ್ಕಲುತನದವರು ಆಳಿಗೆ, ಸಭೆಯ ಹಿರಿಯರು ಹಿಂದಿನ ಸಾಲಿನಲ್ಲಿ ಕೂರುವ ವಿಧವೆಗೆ ಕೇಳಿ, ಉತ್ತರ ಮುಗಿಯುವವರೆಗೆ ಅಡ್ಡಮಾತಾಡದೆ ಕೂರಬೇಕು.

ಕಾಣಿಕೆ ತಂದವನಿಗೆ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ನೋವಿದೆ ಎಂಬುದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಲಿ, ಮೊದಲು ಸಮಾಧಾನವಾಗಲಿ ಎನ್ನುತ್ತದೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ. ಈ ಭಾನುವಾರ ನಮ್ಮಲ್ಲಿ ಪ್ರಭು ಭೋಜನವಿದೆ. ಅಷ್ಟರೊಳಗೆ ಕೂಲಿ ಕೊಡಬೇಕಾದವರು ಕೊಟ್ಟು ಬನ್ನಿ, ಮಾತು ಬಿಟ್ಟವರು ಅವರ ಮನೆಗೆ ಹೋಗಿ ಬನ್ನಿ. ದೂರದ ಹಳ್ಳಿಗೆ ಹೋಗಬೇಕಾಗಿ ಆರಾಧನೆಗೆ ತಡವಾದರೆ ಸಭಾಪಾಲಕರಿಗೆ ಮೊದಲೇ ತಿಳಿಸಿ, ನಿಮಗಾಗಿ ಕಾಯುತ್ತೇವೆ.