ಬೆಂಕಿ ಬಿದ್ದ ರಾತ್ರಿ ಕೈಗೆ ಸಿಕ್ಕಿದ್ದು

ಕೇಳುಗರಿಗೆ ನಮಸ್ಕಾರ.

ಮನೆಗೆ ಬೆಂಕಿ ಬಿತ್ತು ಅಂತ ಇಟ್ಟುಕೊಳ್ಳಿ. ಮನೆಮಂದಿಯೆಲ್ಲ ಹೊರಗೆ ಬಂದಾಯಿತು. ಇನ್ನು ಒಂದೇ ಒಂದು ಸಾಮಾನು ತರಬಹುದು. ಏನು ತರುತ್ತೀರಿ?

ಈ ಪ್ರಶ್ನೆಯನ್ನು ಒಮ್ಮೆ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಆಟದ ಹಾಗೆ ಕೇಳಿಕೊಂಡಿದ್ದೆವು. ಡಬ್ಬಿ ಬಿಚ್ಚಿಕೊಂಡು ಕೂತಾಗ ಎಲ್ಲರಿಗೂ ಒಳ್ಳೊಳ್ಳೆಯ ಉತ್ತರ ಹೊಳೆಯುತ್ತದೆ. ಒಬ್ಬರು ಅಜ್ಜನ ಫೋಟೊ ಅಂದರು. ಇನ್ನೊಬ್ಬರು ಮದುವೆಯ ಆಲ್ಬಮ್. ಲ್ಯಾಪ್‌ಟಾಪ್ ಅಂದ ಹುಡುಗ ಎಲ್ಲರಿಂದ ಬೈಸಿಕೊಂಡ. ನಾನು ಸ್ವಲ್ಪ ಗತ್ತಿನಿಂದಲೇ, 'ನಮ್ಮ ಅಪ್ಪನ ರಾತ್ರಿಶಾಲೆಯ ಸರ್ಟಿಫಿಕೇಟು' ಅಂದೆ. ಎಲ್ಲರೂ ತಲೆದೂಗಿದರು.

ಅದಾಗಿ ಕೆಲವು ತಿಂಗಳಿಗೆ ನಿಜವಾಗಿಯೂ ಬೆಂಕಿ ಬಿತ್ತು. ನಾನು ಹಿಡಿದುಕೊಂಡು ಬಂದದ್ದು ಟಿವಿಯ ರಿಮೋಟು.

ಆ ಕಥೆಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ತಾರೀಕಿನ ವಿಷಯ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ. ಈ ತಾರೀಕು ಸಿಕ್ಕಿದ್ದು ನಮ್ಮ ಮುಂಬಯಿಯಿಂದಲೇ. 1944ರ ಏಪ್ರಿಲ್ 14, ಶುಕ್ರವಾರ. ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ನಿಂತಿತ್ತು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ. ಜೊತೆಗೆ ಕರಾಚಿಯಲ್ಲಿ ತುಂಬಿಸಿಕೊಂಡ ಹತ್ತಿಯ ಬೇಲುಗಳು. ಮದ್ದಿನ ಜೊತೆ ಹತ್ತಿ! ಆ ಹತ್ತಿಗೆ ಬೆಂಕಿ ಹತ್ತಿತು. ಸಂಜೆ ನಾಲ್ಕು ದಾಟಿದ ಮೇಲೆ, ಅರ್ಧ ಗಂಟೆಯ ಅಂತರದಲ್ಲಿ, ಎರಡು ಸಲ ಸಿಡಿಯಿತು. ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕದವರು ವಾಪಸ್ ಬರಲಿಲ್ಲ. ಈ ಸಪ್ತಾಹ ಅವರ ನೆನಪಿಗೆ.

ಅದೇ ಹಡಗಿನಲ್ಲಿ ಚಿನ್ನದ ಗಟ್ಟಿಗಳೂ ಇದ್ದವು. ಒಂದು ಗಟ್ಟಿ ಹಾರಿ ಹೋಗಿ ಎಷ್ಟೋ ದೂರದ ಪಾರ್ಸಿ ಗೃಹಸ್ಥರೊಬ್ಬರ ಮನೆಗೆ ಬಿತ್ತು. ಅವರು ಅದನ್ನು ಮರಳಿಸಿದರು. ದಶಕಗಳ ನಂತರವೂ ಡಾಕ್‌ನ ಹೂಳೆತ್ತುವಾಗ ಗಟ್ಟಿ ಸಿಕ್ಕಿದ್ದುಂಟು. ಬೆಂಕಿ ಬಿದ್ದಾಗ ಜನ ಚಿನ್ನ ಹಿಡಿದು ಓಡುತ್ತಾರೆ ಅಂತೀವಿ. ಅವತ್ತು ಚಿನ್ನವೇ ಓಡಿತ್ತು.

ನಮ್ಮ ಅಪ್ಪ ಕೆಲಸಕ್ಕಿದ್ದದ್ದು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹೋಟೆಲಿನಲ್ಲಿ. ಅಲ್ಲಿನ ಹಳೆಯ ಭಟ್ಟರೊಬ್ಬರು ಆ ದಿನವನ್ನು ಕಂಡವರು. ಕಪಾಟಿನ ಕಪ್ಪು ಬಸಿಗಳೆಲ್ಲ ಒಮ್ಮೆಲೇ ಕುಣಿದು ನೆಲಕ್ಕೆ ಬಿದ್ದವಂತೆ. ಮಾಲೀಕರು ಗಲ್ಲಾಪೆಟ್ಟಿಗೆ ತಬ್ಬಿಕೊಂಡು ರಸ್ತೆಗೆ ಓಡಿದರು. ಭಟ್ಟರು ಓಡಿದ್ದು ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡು. 'ಕೈಯಲ್ಲಿ ಇತ್ತು ಮಾರಾಯ, ಬಿಡ್ಲಿಕ್ಕೆ ನೆನಪಾಗಲಿಲ್ಲ' ಅಂತ ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದರಂತೆ.

ಊರಿನಲ್ಲಿ ಅಜ್ಜಿಗೆ ಈ ಪ್ರಶ್ನೆಯೇ ಇರಲಿಲ್ಲ. ಅವರದು ಮುಳಿಹುಲ್ಲಿನ ಮಾಡು. ಬೆಂಕಿ ಬಿದ್ದರೆ ಮೊದಲು ಹಟ್ಟಿಗೆ ಓಡಬೇಕು, ದನಗಳ ಕಣ್ಣಿ ಕೊಯ್ಯಬೇಕು. ಮಿಕ್ಕದ್ದೆಲ್ಲ ಆಮೇಲೆ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಅಂತ ನಾವು ಕಳ್ಳರಿಗೆ ಬೈಯುತ್ತೇವಲ್ವಾ, ನನಗೆ ಆ ಗಾದೆಯ ಮೇಲೆ ಒಂದು ಅನುಮಾನ. ಹುಲ್ಲಿನ ಮಾಡಿನಿಂದ ಗಳ ಎಳೆದು ಹಾಕುವವನು ಬೆಂಕಿ ಹರಡದಂತೆ ತಡೆಯುತ್ತಿದ್ದನೋ ಏನೋ. ಪಾಪ, ಹೆಸರು ಕೆಟ್ಟಿತು.

ನಾನು ಹುಟ್ಟಿ ಬೆಳೆದದ್ದು ಮುಂಬಯಿಯ ಪರೇಲಿನಲ್ಲಿ, ಸಾಲು ಸಾಲು ಒಂಟಿ ಕೋಣೆಗಳ ಒಂದು ಚಾಳಿನಲ್ಲಿ. ಹತ್ತು ಹನ್ನೆರಡಡಿಯ ಖೋಲಿ, ಅಂದರೆ ಕೋಣೆ. ಮೂಲೆಯಲ್ಲಿ ತೊಳೆಯಲಿಕ್ಕೆ, ಮೀಯಲಿಕ್ಕೆ ಮೋರಿ, ಮೇಲೆ ಮಾಳಾ ಅನ್ನುವ ಅಟ್ಟ. ಏಣಿಮೆಟ್ಟಿಲು, ಕಟಾಂಜನ ಎಲ್ಲ ಮರದ್ದು. ಪ್ರತಿ ಖೋಲಿಯಲ್ಲೂ ಸೀಮೆಎಣ್ಣೆಯ ಪಂಪ್ ಸ್ಟವ್. ಯಾರ ಮನೆಯಲ್ಲಾದರೂ ಸ್ಟವ್ ಭುಗ್ ಅಂದರೆ ಇಡೀ ಚಾಳು ಬಾಗಿಲಿಗೆ ಬರುತ್ತಿತ್ತು. ಹಾಗಾಗಿ ಅಪ್ಪ ಒಂದು ಕಾನೂನು ಮಾಡಿದ್ದರು. ಮಂಚದ ಕೆಳಗೆ, ಬಾಗಿಲ ಕಡೆಗೆ ಹಿಡಿ ಬರುವ ಹಾಗೆ ಒಂದು ತಗಡಿನ ಟ್ರಂಕು. 'ಬೆಂಕಿ ಬಿದ್ದರೆ ಮಕ್ಕಳು, ಆಮೇಲೆ ಟ್ರಂಕು.' ಅದರಲ್ಲಿ ಇದ್ದದ್ದು ರೇಷನ್ ಕಾರ್ಡು, ಖೋಲಿಯ ಬಾಡಿಗೆ ರಸೀದಿಗಳು ಮತ್ತು ಆ ಸರ್ಟಿಫಿಕೇಟು. ಹಗಲಿಡೀ ಕಪ್ಪು ಬಸಿ ತೊಳೆದು, ಸಂಜೆ ಫೋರ್ಟ್‌ನ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಪಾಸಾದ ಕಾಗದ. ಆಗ ಮುಂಬಯಿಯಲ್ಲಿ ರೇಷನ್ ಕಾರ್ಡು ಇಲ್ಲದವನು ಇದ್ದೂ ಇಲ್ಲದವನು. ಆದ್ದರಿಂದ ಅಪ್ಪನ ಲೆಕ್ಕ ಸರಿಯಾಗಿಯೇ ಇತ್ತು. ಈಗ ಕಾರ್ಡು ಸುಟ್ಟರೆ ಇನ್ನೊಂದು ತೆಗೆಸಬಹುದು. 2015ರಿಂದ ಡಿಜಿಲಾಕರ್ ಬಂದಿದೆ, ಎಷ್ಟೋ ಕಾಗದ ಫೋನಿನಲ್ಲೇ ಸಿಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಹಳೆಯ ಚಾದರ ತುಂಬಿಟ್ಟಿದ್ದೇವೆ.

ಈಗ ಆ ರಾತ್ರಿ. ನಾವಿರುವುದು ಭಾಂಡುಪ್‌ನಲ್ಲಿ, ನಾಲ್ಕನೇ ಮಹಡಿ. ದೀಪಾವಳಿಗೆ ಇನ್ನೂ ಮೂರು ದಿನ. ಅಕ್ಟೋಬರ್ ಹೀಟು ಜೋರಾಗಿತ್ತು, ಎಲ್ಲರ ಮನೆಯಲ್ಲೂ ಏಸಿ ಓಡುತ್ತಿತ್ತು. ರಾತ್ರಿ ಎರಡೂವರೆಗೆ ಕೆಳಗಿನ ಮೀಟರ್ ರೂಮಿನಲ್ಲಿ ವೈರು ಹತ್ತಿಕೊಂಡಿತು. 'ಆಗ್ ಲಗೀ' ಅಂತ ವಾಚ್‌ಮನ್ ಕೂಗು. ಬಾಗಿಲು ತೆರೆದರೆ ಮೆಟ್ಟಿಲ ತುಂಬ ಪ್ಲಾಸ್ಟಿಕ್ ಸುಟ್ಟ ನಾತ, ಕರೀ ಹೊಗೆ.

ಇಳಿದುಬಿಟ್ಟೆವು. ಹೇಗೆ ಇಳಿದೆವೋ ಗೊತ್ತಿಲ್ಲ. ಮೂಗಿಗೆ ಬಟ್ಟೆ, ಒಂದು ಕೈ ಗೋಡೆಯ ಮೇಲೆ. ಕಾಂಪೌಂಡಿನಲ್ಲಿ ನಿಂತು ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ ಮೇಲೆ ಒಬ್ಬರ ಕೈ ಒಬ್ಬರು ನೋಡಿಕೊಂಡದ್ದು. ಫೋನ್ ಅಂದುಕೊಂಡು ನಾನು ಎತ್ತಿದ್ದು ರಿಮೋಟು. ಅದರಿಂದಲೇ 101 ಒತ್ತಲು ನೋಡಿದೆ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ, ಅದು ಸುಳ್ಳು. ಅವಳ ಕೈಯಲ್ಲಿ ಮಗಳ ಕೈ ಇತ್ತು. ಮಗಳ ಇನ್ನೊಂದು ಕೈಯಲ್ಲಿ ಥರ್ಮಾಕೋಲಿನ ಜ್ವಾಲಾಮುಖಿ, ಶಾಲೆಯ ಪ್ರಾಜೆಕ್ಟು. ಮೂರನೇ ಮಹಡಿಯ ಕಾಕೂ ಫರಾಳದ, ಅಂದರೆ ದೀಪಾವಳಿ ತಿಂಡಿಯ, ದೊಡ್ಡ ಡಬ್ಬ ತಂದಿದ್ದರು. ಎಲ್‌ಐಸಿ ಪಾಲಿಸಿಗಳಿಗೆ ಪ್ಲಾಸ್ಟಿಕ್ ಫೈಲು ಮಾಡಿಟ್ಟು ವರ್ಷಕ್ಕೊಮ್ಮೆ ನಮಗೆಲ್ಲ ಉಪದೇಶ ಮಾಡುವ ಗೃಹಸ್ಥರೊಬ್ಬರು ತಲೆದಿಂಬು ತಂದಿದ್ದರು.

ನಮ್ಮ ಅಮ್ಮ ಕೊನೆಗೆ ಬಂದರು. ಸೆರಗಿನಲ್ಲಿ ಮಗುವಿನ ಹಾಗೆ ಏನೋ ಸುತ್ತಿಕೊಂಡಿದ್ದರು. ಹತ್ತಿರ ಹೋಗಿ ನೋಡಿದರೆ ಹೆರೆಮಣೆ.

ಘಟ್ಟದ ಮೇಲಿನವರು ತುರಿಮಣೆ ಅನ್ನುತ್ತಾರೆ. ನಮ್ಮ ಮರಾಠಿ ನೆರೆಯವರಿಗೆ ಅದು ಖವಣಿ. ಒಂದು ಮಣೆ, ಅದರ ತುದಿಯಲ್ಲಿ ಬಾಗಿದ ಕಬ್ಬಿಣದ ಕತ್ತು, ಕತ್ತಿನ ಕೊನೆಗೆ ಹಲ್ಲು ಹಲ್ಲಿನ ನಾಲಗೆ. ಇಷ್ಟೇ ಸಾಮಾನು. ಅಮ್ಮನದು ಹಲಸಿನ ಮರದ್ದು. 1971ರಲ್ಲಿ ಮದುವೆಯಾಗಿ ಬರುವಾಗ ಅವರ ಅಪ್ಪ, ಅಂದರೆ ನನ್ನ ಅಜ್ಜ, ಹಿತ್ತಿಲಿನ ಮರದಲ್ಲಿ ಆಚಾರಿಯಿಂದ ಮಾಡಿಸಿ ಕೊಟ್ಟದ್ದು. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅಮ್ಮ ಬಂದದ್ದು ಬಸ್ಸಿನಲ್ಲಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಅಂತ ಸುತ್ತಿಕೊಂಡು. ಹೆರೆಮಣೆ ಬಂದದ್ದು ಬಸ್ಸಿನ ಟಾಪಿನ ಮೇಲೆ, ಕುಚ್ಚಲಕ್ಕಿಯ ಮೂಟೆಗೆ ಕಟ್ಟಿ. ದಾರಿಯಲ್ಲಿ ಎಲ್ಲೋ ಅದರ ಒಂದು ಕಾಲು ಚಕ್ಕೆ ಎದ್ದಿತು. ಪರೇಲಿಗೆ ಬಂದ ಮೇಲೆ ಅಪ್ಪ ಹೋಟೆಲಿನಿಂದ ಎರಡು ಸೋಡಾ ಬಾಟ್ಲಿಯ ಮುಚ್ಚಳ ತಂದು, ಚಪ್ಪಟೆ ಮಾಡಿ, ಒಂದರ ಮೇಲೊಂದು ಇಟ್ಟು ಆ ಕಾಲಿಗೆ ಮೊಳೆ ಹೊಡೆದರು. ಮುಚ್ಚಳ ಈಗಲೂ ಇದೆ. ಅಕ್ಷರ ಸವೆದು ಹೋಗಿದೆ, ತಗಡು ಮಾತ್ರ ಉಳಿದಿದೆ. ಕೂತು ಕೂತು ಮಣೆಯ ನಡುವೆ ಸಣ್ಣ ತಗ್ಗು. ಬಣ್ಣ ಹಣ್ಣಾದ ಹುಣಸೆಯ ಹಾಗೆ ಕಪ್ಪು. ಕಾಯಿಯ ಎಣ್ಣೆ ಕುಡಿದು ಕುಡಿದು ಮರ ನುಣ್ಣಗಾಗಿದೆ, ಬೆರಳಿಟ್ಟರೆ ಜಾರುತ್ತದೆ.

ಚಾಳಿನಲ್ಲಿ ಇದು ನಮ್ಮೊಬ್ಬರದಾಗಿ ಇರಲಿಲ್ಲ. ಗಣೇಶ ಚೌತಿ ಬಂತೆಂದರೆ ಎಲ್ಲರ ಮನೆಯಲ್ಲೂ ಮೋದಕ. ಮೋದಕ ಅಂದರೆ ರಾಶಿ ಕಾಯಿತುರಿ. ಅವರವರ ಈಳಿಗೆಯ ತುದಿಯಲ್ಲೂ ಸಣ್ಣ ತುರಿಯುವ ಹಲ್ಲು ಇರುತ್ತಿತ್ತು, ಆದರೆ ನಮ್ಮ ಹೆರೆಮಣೆಯ ತುರಿ ಹೂವಿನ ಹಾಗೆ ಬೀಳುತ್ತದೆ ಅಂತ ಚಾಳಿಗೆಲ್ಲ ಗೊತ್ತಾಗಿತ್ತು. ಬೆಳಿಗ್ಗೆ ಐದಕ್ಕೆ ಖೋಲಿಯಿಂದ ಖೋಲಿಗೆ ಹೊರಟರೆ ಅದು ಮನೆಗೆ ಬರುತ್ತಿದ್ದದ್ದು ಮಧ್ಯಾಹ್ನ, ಮೇಲೊಂದು ತಟ್ಟೆ ಮೋದಕ ಇಟ್ಟುಕೊಂಡು.

ಅಮ್ಮ ಹೆರೆಯುವುದನ್ನು ನೋಡಬೇಕು. ಒಂದು ಕಾಲು ಮಡಚಿ, ಇನ್ನೊಂದು ಮುಂದೆ ಚಾಚಿ ಕೂರುತ್ತಾರೆ. ಕಾಯಿಯ ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನಿಂದ ಶುರು ಮಾಡುತ್ತಾರೆ, ನಡುವಿನಿಂದ ಅಲ್ಲ. ಕರ್ರ್, ಕರ್ರ್. ಗೆರಟೆಯ ಕಂದು ಬಣ್ಣ ಇನ್ನೇನು ಬಂತು ಅನ್ನುವಾಗ ಸದ್ದು ಸ್ವಲ್ಪ ಬದಲಾಗುತ್ತದೆ. ಅವರು ಕಣ್ಣಿನಿಂದ ನೋಡುವುದಿಲ್ಲ, ಆ ಸದ್ದು ಕೇಳಿ ಕೈ ತಿರುಗಿಸುತ್ತಾರೆ. ನಾವು ಮಕ್ಕಳು ಪಕ್ಕದಲ್ಲಿ ಅಂಗೈ ಒಡ್ಡಿ ಕೂರುತ್ತಿದ್ದೆವು. ಮೊದಲ ಹಿಡಿ ತುರಿಗೆ ಬೆಲ್ಲದ ಚೂರು ಸಿಕ್ಕರೆ ಆ ದಿನ ಒಳ್ಳೆಯ ದಿನ. ಈಗ ಹೆಂಡತಿ ಫ್ರೀಜರಿನಲ್ಲಿ ತುರಿದ ಕಾಯಿಯ ಪ್ಯಾಕೆಟ್ ಇಟ್ಟಿರುತ್ತಾಳೆ. ಅಮ್ಮ ಅದನ್ನು ಬೈಯುವುದಿಲ್ಲ. ಮಾಟುಂಗಾ ಮಾರ್ಕೆಟಿಗೆ ಹೋದವರ ಹತ್ತಿರ ಸುಮ್ನೆ ಎರಡು ಕಾಯಿ ತರಿಸಿಕೊಳ್ಳುತ್ತಾರೆ.

ಅಗ್ನಿಶಾಮಕದವರು ಬೇಗ ಬಂದರು. ಕರೆಂಟಿನ ಬೆಂಕಿಗೆ ನೀರು ಹಾಕಬಾರದು, ಬಿಳಿ ಪುಡಿ ಹೊಡೆದು ಆರಿಸಿದರು. ನಮ್ಮ ಮೆಟ್ಟಿಲ ಪಕ್ಕದಲ್ಲೂ ಕೆಂಪು ಸಿಲಿಂಡರ್ ನೇತಾಡುತ್ತಿತ್ತು, ಅದರ ಚೀಟಿಯ ತಾರೀಕು ಯಾವಾಗಲೋ ಮುಗಿದಿತ್ತು. ಮಹಾರಾಷ್ಟ್ರದಲ್ಲಿ 2006ರ ಕಾನೂನು ಇದೆ. ಕಟ್ಟಡದ ಅಗ್ನಿಶಾಮಕ ಸಾಮಾನು ಸರಿಯಾಗಿದೆ ಅಂತ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಲೈಸೆನ್ಸ್ ಇರುವವರಿಂದ ಬರೆಸಿ ಕೊಡಬೇಕು. ನಮಗೆ ಅದು ಗೊತ್ತಾದದ್ದು ಅವತ್ತು.

ಅವರ ಸಾಹೇಬರು ನಮ್ಮ ಕೈಯಲ್ಲಿದ್ದ ಸಾಮಾನುಗಳನ್ನೆಲ್ಲ ಒಂದು ಸುತ್ತು ನೋಡಿದರು. ನಗಲಿಲ್ಲ. ಇಂಥದ್ದು ಎಷ್ಟು ನೋಡಿದ್ದರೋ. ಆಮೇಲೆ ಚೆನ್ನಾಗಿ ಬೈದರು. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಇಳಿಯಲೇಬಾರದಂತೆ, ಮೆಟ್ಟಿಲೇ ಆಗ ಹೊಗೆಗೂಡು. ಬಾಗಿಲು ಹಾಕಿ, ಸಂದಿಗೆ ಒದ್ದೆ ಟವೆಲ್ ತುರುಕಿ, ಕಿಟಕಿಯಲ್ಲಿ ನಿಂತು ಕೂಗಬೇಕು. ಹೊರಗೆ ಹೋಗಲೇಬೇಕಾದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಹೋಗಬೇಕು. ಲಿಫ್ಟ್ ಮುಟ್ಟಬಾರದು. ಸುಟ್ಟು ಸಾಯುವುದಕ್ಕಿಂತ ಹೊಗೆ ಕುಡಿದು ಸಾಯುವವರೇ ಜಾಸ್ತಿ. ಮತ್ತೆ ಸಾಮಾನು? 'ಏನೂ ತರಬೇಡಿ,' ಅಂದರು. 'ಸಾಮಾನಿಗೆ ಅಂತ ವಾಪಸ್ ಒಳಗೆ ಹೋದವರನ್ನು ಹೊರಗೆ ತರುವುದೇ ನಮಗೆ ಕಷ್ಟ.'

ಅವತ್ತು ಗಾಯ ಆದದ್ದು ಒಬ್ಬರಿಗೆ ಮಾತ್ರ. ಅದೂ ಬೆಂಕಿಯಿಂದ ಅಲ್ಲ. ಕತ್ತಲಲ್ಲಿ ಇಳಿಯುವಾಗ ಹೆರೆಮಣೆಯ ಹಲ್ಲು ಅಮ್ಮನ ಮುಂಗೈ ಗೀರಿತ್ತು. ಬೆಂಕಿ ಆರಿಸಲು ಬಂದ ಹುಡುಗನೊಬ್ಬ ಹತ್ತಿಯಲ್ಲಿ ಔಷಧಿ ಹಚ್ಚಿ ಪಟ್ಟಿ ಕಟ್ಟಿದ. 'ಆಜಿ, ಇದೇನು?' ಅಂತ ಕೇಳಿದ. ಅಮ್ಮ ಐವತ್ತು ವರ್ಷದ ಮರಾಠಿಯಲ್ಲಿ ಅದರ ಉಪಯೋಗ ವಿವರಿಸಿದರು. ನಾಲ್ಕು ಗಂಟೆಗೆ ಕಾಂಪೌಂಡಿನಲ್ಲಿ ಕಾಕೂ ಡಬ್ಬ ಬಿಚ್ಚಿದರು. ಎಲ್ಲರೂ ಚಕ್ಲಿ ತಿಂದೆವು, ಆ ಹುಡುಗರೂ ತಿಂದರು. ಅಷ್ಟು ಹೊಗೆ ಕುಡಿದ ಬಾಯಿಗೆ ಅದು ಎಷ್ಟು ರುಚಿಯಾಗಿತ್ತು ಅಂತೀರಿ.

ಮರುದಿನ ನಾನು ಅಮ್ಮನನ್ನು ಕೇಳಿದೆ. ಕಪಾಟಿನಲ್ಲಿ ನಿಮ್ಮ ಬಳೆ ಇತ್ತು, ಅಪ್ಪನ ಫೋಟೊ ಇತ್ತು. ಅದನ್ನೆಲ್ಲ ಬಿಟ್ಟು ಇದನ್ನು ಯಾಕೆ ತಂದಿರಿ? ಅಜ್ಜ ಕೊಟ್ಟದ್ದು, ಅಪ್ಪ ಮೊಳೆ ಹೊಡೆದದ್ದು, ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಈ ಭಾಷಣಕ್ಕೂ ಅದು ಚೆನ್ನಾಗಿ ಒದಗುತ್ತಿತ್ತು.

'ಬೆಳಿಗ್ಗೆ ಚಟ್ನಿಗೆ ಕಾಯಿ ಹೆರೆಯಬೇಕಲ್ಲ ಮಾರಾಯ,' ಅಂದರು.

ಸಾಹೇಬರ ಮಾತನ್ನು ಅಮ್ಮ ಪೂರ್ತಿ ಒಪ್ಪಿದ ಹಾಗೆ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಕಟ್ಟೆಯ ಕೆಳಗೆ ಇರುತ್ತಿದ್ದ ಹೆರೆಮಣೆ ಈಗ ಹೊರಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇರುತ್ತದೆ. ಹಲ್ಲಿಗೆ ಹಳೆಯ ಟವೆಲಿನ ತುಂಡು ಸುತ್ತಿದೆ. ಬೆಳಿಗ್ಗೆ ಒಳಗೆ ಒಯ್ಯುತ್ತಾರೆ, ಹೆರೆದಾದ ಮೇಲೆ ತೊಳೆದು ಒರೆಸಿ ಮತ್ತೆ ಅಲ್ಲೇ ತಂದಿಡುತ್ತಾರೆ. ಹೆಂಡತಿ ಎರಡು ಸಲ ಎಡವಿದ್ದಾಳೆ. ನಿನ್ನೆ ರಾತ್ರಿ ಬಾಗಿಲ ಚಿಲಕ ಹಾಕುವಾಗ ಆ ಕಡೆ ನೋಡಿದೆ. ಮಣೆಯ ಮೇಲೆ, ನಡುವಿನ ಆ ತಗ್ಗಿನಲ್ಲಿ ಸರಿಯಾಗಿ ಕೂರುವ ಹಾಗೆ, ಟಿವಿಯ ರಿಮೋಟು ಇಟ್ಟಿದ್ದರು.

ನಮಸ್ಕಾರ.