ಬಾಗಿಲು ತೆಗಿ ಅಂದ್ರ ಚಿಲಕ ಹಾಕೋದು

ಅಧ್ಯಕ್ಷರೆ, ವೇದಿಕೆಯ ಮೇಲಿರುವ ಡಾಕ್ಟರ್ ಸಾಹೇಬರೆ, ಮುಂದಿನ ಸಾಲಿನಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತಿರುವ ಹಿರಿಯರೆ, ಎಲ್ಲರಿಗೂ ನಮಸ್ಕಾರ.

ಡಾಕ್ಟರು ಈಗಷ್ಟೇ ಮುಕ್ಕಾಲು ಗಂಟೆ ಕಣ್ಣಿನ ಪೊರೆಯ ಬಗ್ಗೆ ಮಾತಾಡಿದರು. ಪೊರೆ ಯಾಕೆ ಬರುತ್ತದೆ, ಹೊಸ ಮಸೂರ ಹೇಗೆ ಕೂರಿಸುತ್ತಾರೆ, ಎಲ್ಲ ಚೆನ್ನಾಗಿ ಹೇಳಿದರು. ಕೊನೆಗೆ 'ಆಪರೇಷನ್ ಆದ ಮೇಲೆ ಡ್ರಾಪ್ಸ್ ಸರಿಯಾಗಿ ಹಾಕಿಕೊಳ್ಳಿ' ಅಂತ ಒಂದು ಸಾಲು ಹೇಳಿ ಕೂತರು. ನಾನು ಆ ಒಂದು ಸಾಲು ಹಿಡಿದುಕೊಂಡು ಎದ್ದಿದ್ದೇನೆ. ಅದರಲ್ಲೂ ಡ್ರಾಪ್ಸ್ ನನ್ನ ವಿಷಯವಲ್ಲ. ಅದರ ಮುಚ್ಚಳ ನನ್ನ ವಿಷಯ.

ನಗಬೇಡಿ. ಔಷಧ ತುಂಬುವ ಪ್ಯಾಕಿಂಗ್ ಲೈನಿನಲ್ಲಿ 26 ವರ್ಷ ನಿಂತವನು ನಾನು. ಬಾಟಲಿಯ ಒಳಗೇನಿದೆ ಅಂತ ಕೇಳಿದರೆ ಡಾಕ್ಟರ ಕಡೆ ಕೈ ತೋರಿಸುತ್ತೇನೆ. ಮುಚ್ಚಳದ ಬಗ್ಗೆ ಕೇಳಿದರೆ ರಾತ್ರಿ ಎಬ್ಬಿಸಿದರೂ ಹೇಳುತ್ತೇನೆ.

ಮೊದಲು ಒಂದು ಮನೆಯ ಕಥೆ. ನನ್ನ ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, 'ಮತ್ತೆ ಅದೇ ಕಥೆಯಾ' ಅನ್ನುವ ಮುಖ ಮಾಡುತ್ತಿದ್ದಾಳೆ. ಇರಲಿ, ನೀವು ಕೇಳಿಲ್ಲವಲ್ಲ.

ನಮ್ಮ ಅವ್ವನಿಗೆ ಪೊರೆ ಆಪರೇಷನ್ ಆಯಿತು. ಆಗ ಅವಳಿಗೆ 71 ವರ್ಷ. ಅವಳು ರಾಣೆಬೆನ್ನೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಆಪರೇಷನ್ ದಿನ ಬಂದು, ಮನೆಗೆ ಬಿಟ್ಟು, ಡ್ರಾಪ್ಸ್ ಬಾಟಲಿ ಕೈಗೆ ಕೊಟ್ಟು, ರಾತ್ರಿ ಬಸ್ಸಿಗೆ ವಾಪಸು ಹೋದೆ. ಮರುದಿನ ಬೆಳಿಗ್ಗೆ ಶಿಫ್ಟ್ ನಡುವೆ ಫೋನ್ ಬಂತು.

'ತಮ್ಮಾ, ನಿಮ್ಮ ಫ್ಯಾಕ್ಟರಿ ಮಂದಿ ತೂತು ಹಾಕೋದ ಮರ್ತಾರ ನೋಡು. ಎಷ್ಟ್ ಹಿಚುಕಿದ್ರೂ ಒಂದ್ ಹನಿ ಬರವಲ್ದು.'

ಲೈನ್ ಓಡುತ್ತಿತ್ತು, ಗದ್ದಲ. ನಾನು ಅವಸರದಲ್ಲಿ 'ಕ್ಯಾಪ್ ತಿರುಗಿಸಬೇ' ಅಂದೆ. ಫೋನ್ ಇಟ್ಟೆ. ಈಗ ನೀವೇ ಹೇಳಿ. ತೆರೆಯದ ಬಾಟಲಿ ಕೈಯಲ್ಲಿ ಹಿಡಿದವರಿಗೆ 'ತಿರುಗಿಸು' ಅಂದರೆ ಯಾವ ಕಡೆ ತಿರುಗಿಸುತ್ತಾರೆ? ಬಿಚ್ಚುವ ಕಡೆ, ಅಲ್ವಾ? ಅವ್ವನೂ ಬಿಚ್ಚುವ ಕಡೆಗೇ ತಿರುಗಿಸಿದಳು. ಮುಚ್ಚಳ ಕೈಗೆ ಬಂತು. ಕೆಳಗೆ ಮೂತಿ ನೋಡಿದರೆ ಮತ್ತೆ ಬಂದ್. ತೂತೇ ಇಲ್ಲ.

ನಮ್ಮ ಕಡೆ ಹೆಂಗಸರ ಬಳೆಯಲ್ಲಿ ಯಾವಾಗಲೂ ಎರಡು ಪಿನ್ನು ಇರುತ್ತವೆ. ಸೀರೆಗೆ, ಕಾಲಿಗೆ ನೆಟ್ಟ ಮುಳ್ಳಿಗೆ, ಎಲ್ಲಕ್ಕೂ ಅದೇ. ಅವ್ವ ಒಂದು ಪಿನ್ನು ಬಿಚ್ಚಿದಳು. ಅವಳು ಸಾಮಾನ್ಯಳಲ್ಲ, ಹೊಲಸು ಕೈಯಲ್ಲಿ ಕಣ್ಣು ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದು ನೆನಪಿತ್ತು. ಅದಕ್ಕೆ ಪಿನ್ನನ್ನು ಗ್ಯಾಸ್ ಉರಿಗೆ ಹಿಡಿದು ಕೆಂಪಗೆ ಕಾಸಿದಳು. ಕಾಸಿ ಮೂತಿಗೆ ಚುಚ್ಚಿದಳು. ಬಾಟಲಿ ಮೆತ್ತನೆಯ ಪ್ಲಾಸ್ಟಿಕ್, ಸುಮಾರು 110 ಡಿಗ್ರಿಗೆ ಕರಗುವಂಥದ್ದು. ಕೆಂಪು ಪಿನ್ನು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ತೂತು ಎಷ್ಟಾಯಿತು ಅಂದರೆ, ಭಾನುವಾರ ನಾನು ಊರಿಗೆ ಹೋದಾಗ ಅವ್ವನ ಕೆನ್ನೆಯ ಮೇಲೆ ಔಷಧ ಒಣಗಿದ ಬಿಳಿ ಗೆರೆ. ಐದೇ ದಿನಕ್ಕೆ ಬಾಟಲಿ ಖಾಲಿ. ಹನಿ ಬಿಟ್ಟು ಧಾರೆಯಾಗಿ ಬಿದ್ದಿತ್ತು, ಅಭಿಷೇಕದ ಹಾಗೆ. ಕಣ್ಣಿಗೆ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ.

ಹೊಸ ಬಾಟಲಿ ತಂದೆ. ಎದುರಿಗೆ ಕೂತು ತೋರಿಸಿದೆ. 'ನೋಡಬೇ, ಬಿಚ್ಚಬಾರದು. ಮೊದಲು ಬಿಗಿ ಮಾಡಬೇಕು. ಪೂರ್ತಿ ಬಿಗಿ ಮಾಡಿದರೆ ಮುಚ್ಚಳದ ಒಳಗಿನ ಮುಳ್ಳು ಮೂತಿಗೆ ತೂತು ಹಾಕುತ್ತದೆ. ಆಮೇಲೆ ಬಿಚ್ಚಬೇಕು.'

ಅವ್ವ ನನ್ನ ಮುಖ ನೋಡಿದಳು. 'ಅಲ್ಲೋ, ಬಾಗಿಲು ತೆಗಿ ಅಂದ್ರ ಯಾರರೆ ಚಿಲಕ ಹಾಕ್ತಾರೇನು?'

ಇಪ್ಪತ್ತು ವರ್ಷ ಆ ಮುಚ್ಚಳ ಹಾಕುವ ಮಷಿನ್ ನೋಡಿಕೊಂಡವನಿಗೆ ಅವತ್ತಿನವರೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇದು ತೆರೆಯುವುದಕ್ಕೆ ಬಿಗಿ ಮಾಡಬೇಕಾದ ಮುಚ್ಚಳ. ಲೋಕದ ಬೇರೆ ಎಲ್ಲ ಮುಚ್ಚಳಗಳೂ ಕಲಿಸಿದ್ದನ್ನು ಇದು ತಿರುಗುಮುರುಗು ಮಾಡುತ್ತದೆ.

ಹಾಗಾದರೆ ಕಾರ್ಖಾನೆಯಲ್ಲೇ ಒಂದು ತೂತು ಹಾಕಿ ಕಳಿಸಿದರೆ ಏನು ಕಷ್ಟ? ಈ ಪ್ರಶ್ನೆಯನ್ನು ಅವ್ವನೂ ಕೇಳಿದಳು. ಉತ್ತರ ಇದೆ, ಒಳ್ಳೆಯ ಉತ್ತರವೇ ಇದೆ. ಇಂಥ ಬಾಟಲಿಗಳಲ್ಲಿ ಬಹಳಷ್ಟನ್ನು ಒಂದೇ ಮಷಿನ್ ಹುಟ್ಟಿಸಿ, ತುಂಬಿಸಿ, ಮುಚ್ಚಿಬಿಡುತ್ತದೆ. ಪ್ಲಾಸ್ಟಿಕ್ ಕಾಳು ಒಳಗೆ ಹೋಗಿ ಕರಗುತ್ತದೆ. ಕೊಳವೆಯ ಹಾಗೆ ಇಳಿಯುತ್ತದೆ. ಅಚ್ಚು ಅದನ್ನು ಹಿಡಿಯುತ್ತದೆ, ಗಾಳಿ ಊದಿ ಬಾಟಲಿ ಮಾಡುತ್ತದೆ, ಅದೇ ಜಾಗದಲ್ಲಿ ಔಷಧ ತುಂಬುತ್ತದೆ, ಬಿಸಿ ಇರುವಾಗಲೇ ಮೂತಿ ಮುಚ್ಚುತ್ತದೆ. ಎಲ್ಲ ಕೆಲವೇ ಸೆಕೆಂಡು. ಮನುಷ್ಯರ ಕೈ ಸೋಕುವುದಿಲ್ಲ. 1960ರ ದಶಕದಲ್ಲಿ ಜರ್ಮನಿಯಲ್ಲಿ ಶುರುವಾದ ವಿದ್ಯೆ ಇದು. ಹೀಗೆ ಹುಟ್ಟಿದ ಬಾಟಲಿಗೆ ಬಾಯಿಯೇ ಇರುವುದಿಲ್ಲ. ತಾಯಿ ಹೊಟ್ಟೆಯಲ್ಲಿದ್ದ ಹಾಗೆ ಔಷಧ ಒಳಗೆ ಕ್ಷೇಮವಾಗಿರುತ್ತದೆ. ಕಾರ್ಖಾನೆಯಲ್ಲೇ ತೂತು ಹಾಕಿದರೆ ಆ ಕ್ಷೇಮ ಅಲ್ಲಿಗೇ ಮುಗಿಯಿತು.

ಅದಕ್ಕೇ ಕಾರ್ಖಾನೆ ಒಂದು ಕೆಲಸ ಬಾಕಿ ಇಡುತ್ತದೆ. ತೂತು ಹಾಕುವ ಕೆಲಸ. ಅದನ್ನು ಯಾರಿಗೆ ಬಿಡುತ್ತದೆ? ಗಿರಾಕಿಗೆ. ನಾನು ಹೋದಲ್ಲೆಲ್ಲ ಹೇಳುವ ಮಾತು ಇದು, ಬೇಜಾರಾದರೂ ಕೇಳಿ: ಆ ಲೈನಿನ ಕೊನೆಯ ಕೆಲಸಗಾರ ಗಿರಾಕಿ. ನಮ್ಮಲ್ಲಿ ಹೊಸ ಹುಡುಗ ಕೆಲಸಕ್ಕೆ ಸೇರಿದರೆ ವಾರಗಟ್ಟಲೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುತ್ತಿದ್ದೆವು. ಈ ಕೊನೆಯ ಕೆಲಸಗಾರನಿಗೆ 70 ವರ್ಷ, ಒಂದು ಕಣ್ಣಿಗೆ ಪಟ್ಟಿ, ಕೈ ನಡುಗುತ್ತದೆ. ಅವನಿಗೆ ಟ್ರೈನಿಂಗ್ ಏನು? ಲೇಬಲ್ಲಿನ ಮೂಲೆಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಕಣ್ಣು ಕಾಣುವವರಿಗೇ ಓದಲಾಗದ ಅಕ್ಷರವನ್ನು ಕಣ್ಣಿನ ರೋಗಿಗೆ ಕೊಡುವುದು ನಾವು ಮಾತ್ರ ಇರಬೇಕು.

ಮುಳ್ಳಿನ ವಿಷಯಕ್ಕೆ ಬರುತ್ತೇನೆ. ಅದು ಸುಮ್ನೆ ಚೂಪಾದ ಒಂದು ಕಡ್ಡಿ ಅಂದುಕೊಳ್ಳಬೇಡಿ. ಅದರ ದಪ್ಪ ಎಷ್ಟೋ ತೂತು ಅಷ್ಟು. ತೂತು ಎಷ್ಟೋ ಹನಿ ಹೆಚ್ಚುಕಡಿಮೆ ಅಷ್ಟು. ಒಂದು ಹನಿ ಅಂದರೆ ಸಾಮಾನ್ಯವಾಗಿ 30ರಿಂದ 50 ಮೈಕ್ರೋಲೀಟರ್, ಅಂಥ ಸಾವಿರ ಸೇರಿದರೆ ಒಂದು ಮಿಲಿ. ನಮ್ಮ ಕಣ್ಣು ಹಿಡಿದಿಟ್ಟುಕೊಳ್ಳುವುದೇ ಸುಮಾರು 30. ಅಂದರೆ ಒಂದು ಹನಿಯೇ ಕಣ್ಣಿಗೆ ಜಾಸ್ತಿ. ಎರಡನೆಯದು ಪೂರ್ತಿ ಕೆನ್ನೆಗೆ. 5 ಮಿಲಿ ಬಾಟಲಿಯಲ್ಲಿ 50ರ ಲೆಕ್ಕದಲ್ಲಿ 100 ಹನಿ. ದಿನಕ್ಕೆ ನಾಲ್ಕು ಸಲ ಒಂದೊಂದು ಹನಿ ಹಾಕಿದರೆ 25 ದಿನ ಬರುತ್ತದೆ. ಪಿನ್ನಿನ ತೂತಿನಿಂದ ಸಲಕ್ಕೆ ಮೂರು ಹನಿ ಬಿದ್ದರೆ ಎಂಟು ದಿನ. ಉಳಿದ ದುಡ್ಡಿನ ಲೆಕ್ಕ ಮನೆಗೆ ಹೋಗಿ ಮಾಡಿ.

ಕತ್ತರಿಯಿಂದ ಮೂತಿ ಕತ್ತರಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಅಂಚು ಹರಿತವಾಗುತ್ತದೆ, ಕಣ್ಣಿಗೆ ತಾಗಿದರೆ ಗೀರುತ್ತದೆ. ಪಿನ್ನಿನ ಮೇಲಿನ ಕೊಳೆ ಬಾಟಲಿಯೊಳಗೆ ಹೋದರೆ ಏನಾಗುತ್ತದೆ ಅಂತ ಡಾಕ್ಟರನ್ನು ಕೇಳಿ, ಅವರು ನಿಮಗೆ ರಾತ್ರಿ ನಿದ್ದೆ ಬರದ ಹಾಗೆ ಹೇಳುತ್ತಾರೆ. ಮುಳ್ಳಿಗೆ ಇನ್ನೊಂದು ಕೆಲಸವೂ ಇದೆ. ಮುಚ್ಚಳ ವಾಪಸು ಹಾಕಿದಾಗ ಅದೇ ತೂತಿನಲ್ಲಿ ಕೂತು ಬೂಚಿನ ಹಾಗೆ ಬಂದ್ ಮಾಡುತ್ತದೆ. ಅದಕ್ಕೆ ಮುಚ್ಚಳವನ್ನು ಎಲ್ಲೆಂದರಲ್ಲಿ ಇಡಬೇಡಿ, ಹಾಸಿಗೆಯ ಮೇಲಂತೂ ಬೇಡ. ಆ ಮುಳ್ಳು ಮತ್ತೆ ಔಷಧದ ಬಾಯಿಗೇ ಹೋಗಬೇಕು.

ತೆಂಗಿನಕಾಯಿ ನೆನಪಾಯಿತು. ಚಿಪ್ಪಿಗೆ ಮೂರು ಕಣ್ಣು, ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಬರುವುದು ಆ ಮೆತ್ತನೆಯ ಕಣ್ಣಿನಿಂದ. ಚಿಕ್ಕವರಿದ್ದಾಗ ನಾವು ಮೊಳೆ ಚುಚ್ಚಿ ನೀರು ಕುಡಿಯುತ್ತಿದ್ದದ್ದೂ ಅಲ್ಲಿಂದಲೇ. ಇಡೀ ಕಾಯಿ ಭದ್ರ, ಆದರೆ ತೆರೆಯಬೇಕಾದ ಕಡೆ ಮೊದಲೇ ತೆಳು ಮಾಡಿ ಇಟ್ಟಿದೆ. ಈ ತೆಳು ಜಾಗವನ್ನು ನೆನಪಿಟ್ಟುಕೊಳ್ಳಿ, ಹಾಲಿನ ಡಬ್ಬಕ್ಕೆ ಬಂದಾಗ ಬೇಕಾಗುತ್ತದೆ.

ಅದಕ್ಕೂ ಮೊದಲು ಮುಲಾಮಿನ ಟ್ಯೂಬು. ಅಲ್ಯೂಮಿನಿಯಂ ಟ್ಯೂಬಿನ ಮುಚ್ಚಳ ತೆಗೆದರೆ ಬಾಯಿಗೆ ತೆಳು ತಗಡು. ಮುಚ್ಚಳದ ತಲೆ ನೋಡಿ, ಅಲ್ಲೊಂದು ಮುಳ್ಳು. ತಿರುಗಿಸಿ ಒತ್ತಿದರೆ ಟಪ್ ಅಂತ ತೂತು. ಇದನ್ನು ಬಹಳ ಜನ ತಾವಾಗಿಯೇ ಕಂಡುಕೊಳ್ಳುತ್ತಾರೆ. ಯಾಕೆ ಗೊತ್ತಾ? ಮುಳ್ಳು ಹೊರಗೆ ಕಾಣುತ್ತದೆ. ಡ್ರಾಪ್ಸ್ ಮುಚ್ಚಳದಲ್ಲಿ ಅದು ಒಳಗೆ ಅಡಗಿ ಕೂತಿದೆ. ಒಂದು ತಮಾಷೆ ಕೇಳಿ. ಟ್ಯೂಬಿಗೆ ಮುಲಾಮು ತುಂಬುವುದು ಬಾಯಿಯಿಂದಲ್ಲ, ಬಾಲದಿಂದ. ಟ್ಯೂಬನ್ನು ತಲೆಕೆಳಗೆ ನಿಲ್ಲಿಸಿ, ತೆರೆದ ಬಾಲದಿಂದ ತುಂಬಿ, ಆಮೇಲೆ ಬಾಲ ಮಡಚಿ ಒತ್ತುತ್ತಾರೆ. ಈ ಮಡಚುವ ಟ್ಯೂಬನ್ನು ಮೊದಲು ಮಾಡಿದ್ದು ಔಷಧಕ್ಕೂ ಅಲ್ಲ. 1841ರಲ್ಲಿ ಲಂಡನ್ನಿನಲ್ಲಿದ್ದ ಜಾನ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ ತನ್ನ ಎಣ್ಣೆಬಣ್ಣ ಒಣಗಬಾರದು ಅಂತ ತವರದಲ್ಲಿ ಮಾಡಿಕೊಂಡದ್ದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. 'ಹತ್ತು ನಿಮಿಷ.' ಆಯಿತು ಸಾರ್. ನಾನು ಆರು ವಿಷಯ ಬರೆದುಕೊಂಡು ಬಂದಿದ್ದೆ. ಎರಡು ಆಗಿದೆ.

ಹಾಲು, ಜ್ಯೂಸಿನ ಡಬ್ಬ. ಸ್ವೀಡನ್ನಿನ ಲುಂಡ್ ಊರಿನಲ್ಲಿ ರೂಬೆನ್ ರೌಸಿಂಗ್ 1951ರಲ್ಲಿ ಟೆಟ್ರಾ ಪ್ಯಾಕ್ ಕಂಪನಿ ಶುರು ಮಾಡಿದರು. ಮೊದಲ ಪೊಟ್ಟಣ ಸಮೋಸದ ಹಾಗೆ ಮೂಲೆಮೂಲೆಯಾಗಿತ್ತು. ಈಗಿನ ಉದ್ದ ಡಬ್ಬಕ್ಕೆ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಸೇರಿ ಆರು ಪದರ. ಅಲ್ಯೂಮಿನಿಯಂ ಸುಮಾರು 6 ಮೈಕ್ರಾನ್, ತಲೆಗೂದಲಿನ ಹತ್ತರಲ್ಲಿ ಒಂದು ಭಾಗದಷ್ಟು. ಹಾಲನ್ನು 135 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಿ, ಕೆಲವು ಸೆಕೆಂಡಿನಲ್ಲಿ ತಣ್ಣಗೆ ಮಾಡಿ, ಗಾಳಿ ಸೋಕದ ಹಾಗೆ ತುಂಬುತ್ತಾರೆ. ಇಲ್ಲಿಯೂ ಅದೇ ತೊಂದರೆ. ಗಿರಾಕಿ ತೆರೆಯುವವರೆಗೆ ತೂತು ಇರಬಾರದು. ತೆರೆಯುವಾಗ ಕತ್ತರಿ ಬೇಕಾಗಬಾರದು.

ಅವರು ಮಾಡಿದ ಉಪಾಯ ನೋಡಿ. ಮುಚ್ಚಳ ಬರುವ ಜಾಗದಲ್ಲಿ ಕಾಗದಕ್ಕೆ ಮೊದಲೇ ದುಂಡಗೆ ತೂತು ಕೊರೆಯುತ್ತಾರೆ. ಅದರ ಮೇಲೆ ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಮಾತ್ರ ಹಾಯುತ್ತದೆ. ತೆಂಗಿನಕಾಯಿಯ ಮೆತ್ತನೆಯ ಕಣ್ಣು! ಅದರ ಮೇಲೆ ಅಂಟು ಹಾಕಿ ಮುಚ್ಚಳ ಕೂರಿಸುತ್ತಾರೆ. ಮುಚ್ಚಳದ ಒಳಗೆ ಹಲ್ಲಿರುವ ಒಂದು ಉಂಗುರ. ನೀವು ಮುಚ್ಚಳವನ್ನು ಬಿಚ್ಚುವ ಕಡೆಗೇ ತಿರುಗಿಸುತ್ತೀರಿ. ಮುಚ್ಚಳ ಮೇಲೆ ಏಳುತ್ತದೆ. ಅದೇ ಹೊತ್ತಿಗೆ ಒಳಗಿನ ಉಂಗುರ ಕೆಳಗೆ ಇಳಿದು ಪದರವನ್ನು ಕೊರೆಯುತ್ತದೆ.

ಎರಡೂ ಒಂದೇ ಕಡೆ ತಿರುಗುತ್ತವೆ. ಒಂದು ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಹೇಗೆ? ಹಿಂದೆ ಕೂತಿರುವ ಹುಡುಗರೆ, ಯಾರಾದರೂ ಸೈಕಲ್ ರಿಪೇರಿ ಮಾಡಿದ್ದೀರಾ? ಎಡಗಡೆಯ ಪೆಡಲ್ ಬಿಚ್ಚುವಾಗ ಎಲ್ಲರೂ ಒಮ್ಮೆ ಮೋಸ ಹೋಗುತ್ತಾರೆ. ಅದಕ್ಕೆ ಉಲ್ಟಾ ಥ್ರೆಡ್. ಇಲ್ಲಿಯೂ ಹಾಗೇ. ಮುಚ್ಚಳಕ್ಕೆ ಬಲ ತಿರುಪು, ಒಳಗಿನ ಉಂಗುರಕ್ಕೆ ಎಡ ತಿರುಪು. ಇನ್ನೊಂದು ಜಾಣತನವೂ ಇದೆ. ಉಂಗುರ ಪೂರ್ತಿ ಸುತ್ತು ಕೊರೆಯುವುದಿಲ್ಲ. ಸ್ವಲ್ಪ ಉಳಿಸುತ್ತದೆ. ಕತ್ತರಿಸಿದ ತುಣುಕು ಹಾಲಿಗೆ ಬೀಳದೆ ಪಕ್ಕಕ್ಕೆ ಬಾಗಿ ನೇತಾಡುತ್ತದೆ.

ಅವ್ವನಿಗೆ ಈ ಡಬ್ಬ ಕೊಟ್ಟು ನೋಡಿದ್ದೇನೆ. ಏನೂ ಹೇಳಲಿಲ್ಲ. ತಿರುಗಿಸಿದಳು, ಬಗ್ಗಿಸಿದಳು, ಜ್ಯೂಸ್ ಬಂತು. ಒಳಗೆ ಒಂದು ಚಾಕು ಕೆಲಸ ಮಾಡಿತು ಅಂತ ಅವಳಿಗೆ ಗೊತ್ತೇ ಆಗಲಿಲ್ಲ. ಬಾಗಿಲು ತೆಗಿ ಅಂದರೆ ಬಾಗಿಲು ತೆಗೆದಳು, ಅಷ್ಟೇ. ನನ್ನ ಜಗಳ ಇರುವುದೇ ಇಲ್ಲಿ. ಜ್ಯೂಸಿಗೆ ಇಷ್ಟು ತಲೆ ಓಡಿಸಿದ್ದೇವೆ, ಕಣ್ಣಿನ ಔಷಧಕ್ಕೆ ಯಾಕಿಲ್ಲ? ಮೂರು ತುಂಡಿನ ಮುಚ್ಚಳಕ್ಕೆ ಖರ್ಚು ಜಾಸ್ತಿ, ಒಪ್ಪುತ್ತೇನೆ. ಒಂದೇ ತುಂಡಿನ ಮುಳ್ಳು ಮುಚ್ಚಳ ಅಗ್ಗ, ಅದು ಇರಲಿ, ಔಷಧದ ಬೆಲೆ ಏರುವುದು ನನಗೂ ಬೇಡ. ಆದರೆ ಮುಚ್ಚಳದ ನೆತ್ತಿಯ ಮೇಲೆ ಒಂದು ದಪ್ಪ ಬಾಣದ ಗುರುತು, ಡಬ್ಬಿಯ ಮೇಲೆ ಎರಡು ಚಿತ್ರ, 'ಮೊದಲು ಬಿಗಿ ಮಾಡಿ' ಅಂತ ಕನ್ನಡದಲ್ಲಿ ಮೂರು ಪದ, ಇಷ್ಟಕ್ಕೆ ಎಷ್ಟು ಖರ್ಚು? ಕೊನೆಯ ಕೆಲಸಗಾರನಿಗೆ ಅಷ್ಟೂ ಹೇಳಿಕೊಡದಿದ್ದರೆ ಹೇಗೆ? ಔಷಧದ ಅಂಗಡಿಯವರು ಇಲ್ಲಿ ನಾಲ್ಕು ಜನ ಕಾಣುತ್ತಿದ್ದೀರಿ. ಬಾಟಲಿ ಕೊಡುವಾಗ ಗಿರಾಕಿಯ ಎದುರಿಗೇ ಹೇಗೆ ಅಂತ ತೋರಿಸಿ. ಅರ್ಧ ನಿಮಿಷದ ಕೆಲಸ.

ಇನ್ನೊಂದು ಚೀಟಿ ಬಂತು. ಇದರಲ್ಲಿ 'ಚಹಾ ಆರುತ್ತಿದೆ' ಅಂತಿದೆ.

ಸರಿ, ಉಳಿದದ್ದು ಓಡುತ್ತಾ ಹೇಳುತ್ತೇನೆ. ಯುರೋಪಿನಲ್ಲಿ 2024ರ ಜುಲೈಯಿಂದ 3 ಲೀಟರಿನವರೆಗಿನ ಪಾನೀಯದ ಬಾಟಲಿ, ಡಬ್ಬಗಳ ಪ್ಲಾಸ್ಟಿಕ್ ಮುಚ್ಚಳ ತೆರೆದ ಮೇಲೂ ಬಾಯಿಗೇ ಅಂಟಿಕೊಂಡಿರಬೇಕು ಅಂತ ಕಾನೂನು ಬಂದಿದೆ, ಮುಚ್ಚಳ ಕಸವಾಗಿ ಸಮುದ್ರ ಸೇರಬಾರದು ಅಂತ. ತಗಡಿನ ಡಬ್ಬಿಗೆ ಪೇಟೆಂಟ್ ಆದದ್ದು 1810ರಲ್ಲಿ. ಅದನ್ನು ತೆರೆಯುವ ಸಾಧನ ಬಂದದ್ದು 1850ರ ದಶಕದಲ್ಲಿ, ಅಲ್ಲಿಯವರೆಗೆ ಉಳಿ, ಸುತ್ತಿಗೆ. ಗೋಲಿ ಸೋಡಾದ ಬಗ್ಗೆ ಒಂದು ಪುಟ ಬರೆದುಕೊಂಡಿದ್ದೆ, ಅದನ್ನು ಬಿಡುತ್ತೇನೆ, ಸಂಕಟವಾದರೂ.

ಕೊನೆಗೆ ಒಂದು ಕೆಲಸ. ಮುಂದಿನ ಸಾಲಿನಲ್ಲಿ ಕೂತವರಿಗೆಲ್ಲ ಒಂದೊಂದು ಖಾಲಿ ಬಾಟಲಿ ಹಂಚಿದ್ದೇವೆ. ಔಷಧ ಇಲ್ಲ, ಹೆದರಬೇಡಿ. ಬಾಟಲಿ ನೆಟ್ಟಗೆ ಹಿಡಿಯಿರಿ. ಹೊಟ್ಟೆ ಹಿಚುಕಬೇಡಿ, ಕುತ್ತಿಗೆ ಹಿಡಿಯಿರಿ. ಕೆಲವದರಲ್ಲಿ ಮುಚ್ಚಳದ ಕೆಳಗೆ ಒಂದು ಉಂಗುರ ಇದೆ, ಇದ್ದರೆ ಕಿತ್ತು ಹಾಕಿ. ಈಗ ಬಲಕ್ಕೆ ತಿರುಗಿಸಿ. ಗಡಿಯಾರ ತಿರುಗುವ ಕಡೆ. ಇನ್ನೂ ಸ್ವಲ್ಪ. ಮುಳ್ಳು ಒಳಗೆ ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಆಯಿತಾ? ಈಗ ಬಿಚ್ಚಿ.

ಅಜ್ಜೀ, ಆ ಕೊನೆಯ ಕುರ್ಚಿಯವರು, ನಿಮಗೇ ಹೇಳಿದ್ದು. ಆ ಪಿನ್ನು ಬಳೆಗೆ ವಾಪಸು ಹಾಕ್ರಿ.