ಯಾರೂ ಕಾಣದ ಕಾಡಿನಲ್ಲಿ ಓಟ

ಕೇಳುಗರಿಗೆ ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ಕಾಡು ಬಲ್ಲವರು ಎಂದರೆ ಸಾಮಾನ್ಯವಾಗಿ ಒಂದು ಕಾಡನ್ನು ಬಲ್ಲವರು. ಸೊಪ್ಪಿನಬೆಟ್ಟದ ಅಗಳ ಎಲ್ಲಿ ಮುಚ್ಚಿಹೋಗಿದೆ, ಉಪ್ಪಾಗೆ ಮರ ಯಾವ ಹಳ್ಳದ ಮೇಲಿದೆ, ಮಳೆಗಾಲದಲ್ಲಿ ಯಾವ ಕಾಲುದಾರಿ ನಂಬಬಾರದು ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲ ಹಿರಿಯರು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಊರೂರಿನಲ್ಲಿ ಇದ್ದಾರೆ. ಅದೇ ಹಿರಿಯರನ್ನು ಘಟ್ಟದ ಇನ್ನೊಂದು ಮಗ್ಗುಲಲ್ಲಿ, ಎಂದೂ ಕಾಲಿಡದ ಕಾಡಿನ ನಡುವೆ ಬಿಟ್ಟು ಬಂದರೆ ಅವರೂ ದಾರಿ ಕೇಳಲು ಒಬ್ಬರನ್ನು ಹುಡುಕುತ್ತಾರೆ. ನಾನು ಈ ಹೊತ್ತು ಮಾತನಾಡಲಿರುವ ಕ್ರೀಡೆ ತನ್ನ ಎಲ್ಲ ಸ್ಪರ್ಧಿಗಳನ್ನೂ ಬೇಕೆಂದೇ ಆ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಅದರ ಹೆಸರು ಓರಿಯಂಟೀರಿಂಗ್; ಅದರ ಅತ್ಯುನ್ನತ ಸ್ಪರ್ಧೆ ವಿಶ್ವ ಓರಿಯಂಟೀರಿಂಗ್ ಚಾಂಪಿಯನ್‌ಶಿಪ್.

ಸ್ಪರ್ಧಿಯ ಕೈಯಲ್ಲಿ ಒಂದು ನಕಾಶೆ ಮತ್ತು ಒಂದು ದಿಕ್ಸೂಚಿ ಇರುತ್ತವೆ. ನಕಾಶೆಯ ಮೇಲೆ ನೇರಳೆ ಬಣ್ಣದಲ್ಲಿ, ಕ್ರಮಸಂಖ್ಯೆಯೊಡನೆ ವೃತ್ತಗಳನ್ನು ಮುದ್ರಿಸಿರುತ್ತಾರೆ. ಪ್ರತಿ ವೃತ್ತದ ನಡುಬಿಂದುವಿಗೆ ಸರಿಯಾಗಿ ಕಾಡಿನೊಳಗೆ, ಬಂಡೆಯ ಬದಿಗೋ ಹಳ್ಳದ ತಿರುವಿಗೋ, ಕಿತ್ತಳೆ ಮತ್ತು ಬಿಳಿ ಬಣ್ಣದ, ಅಡಿಯಷ್ಟು ಅಗಲದ ಮೂರು ಮುಖದ ಬಟ್ಟೆಯನ್ನು ತೂಗುಹಾಕಿರುತ್ತಾರೆ. ಇದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಅಲ್ಲಿರುವ ಪುಟ್ಟ ಯಂತ್ರಕ್ಕೆ ತನ್ನ ಬೆರಳಿನ ಇಲೆಕ್ಟ್ರಾನಿಕ್ ಚಿಪ್ಪನ್ನು ತೋರಿಸಿ, ಬಂದದ್ದು ದಾಖಲಾದ ಮೇಲೆ ಓಟಗಾರ ಮುಂದಿನದಕ್ಕೆ ಹೊರಡಬೇಕು. ಒಂದು ಕಂಟ್ರೋಲ್ ತಪ್ಪಿದರೂ ಓಟ ಲೆಕ್ಕಕ್ಕಿಲ್ಲ. ಎರಡು ಕಂಟ್ರೋಲ್‌ಗಳ ನಡುವೆ ಯಾವ ದಾರಿ ಹಿಡಿಯಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ.

ಆಟ ಹುಟ್ಟಿದ್ದು ಸ್ವೀಡನ್, ನಾರ್ವೆಗಳ ಸೈನಿಕ ತರಬೇತಿಯಲ್ಲಿ. ಸಾರ್ವಜನಿಕರಿಗೆ ತೆರೆದ ಮೊದಲ ಸ್ಪರ್ಧೆ 1897ರ ಅಕ್ಟೋಬರ್ 31ರಂದು ಇಂದಿನ ಓಸ್ಲೋ ನಗರದ ಸಮೀಪ ನಡೆಯಿತು. 1919ರಲ್ಲಿ ಅರ್ನ್ಸ್ಟ್ ಕಿಲಾಂಡರ್ ಎಂಬ ಸ್ವೀಡಿಷ್ ಮೇಜರ್ ಸ್ಟಾಕ್‌ಹೋಮ್ ಬಳಿ ಏರ್ಪಡಿಸಿದ ಸ್ಪರ್ಧೆ ಅದನ್ನು ಜನರ ಆಟವಾಗಿಸಿತು. ಅಂತರರಾಷ್ಟ್ರೀಯ ಒಕ್ಕೂಟ 1961ರಲ್ಲಿ ಸ್ಥಾಪನೆಯಾಗಿ, ಮೊದಲ ವಿಶ್ವ ಚಾಂಪಿಯನ್‌ಶಿಪ್ 1966ರಲ್ಲಿ ಫಿನ್ಲೆಂಡಿನ ಫಿಸ್ಕಾರ್ಸ್‌ನಲ್ಲಿ ಜರುಗಿತು. ಏಷ್ಯಾದಲ್ಲಿಯೂ ಅದು ನಡೆದದ್ದುಂಟು. 2005ರಲ್ಲಿ ಜಪಾನಿನ ಐಚಿಯಲ್ಲಿ ನಡೆದ ಕೂಟದಲ್ಲಿ ಸ್ವಿಟ್ಜರ್ಲೆಂಡಿನ ಸಿಮೋನ್ ನಿಗ್ಲಿ ಮಹಿಳೆಯರ ನಾಲ್ಕೂ ಚಿನ್ನಗಳಿಗೆ ಪಾತ್ರರಾದರು. ಈಗಿನ ಪದ್ಧತಿಯಲ್ಲಿ ಒಂದು ವರ್ಷ ಕಾಡಿನ ಸ್ಪರ್ಧೆ, ಮರುವರ್ಷ ಪಟ್ಟಣದ ಬೀದಿಗಳಲ್ಲಿ ನಡೆಯುವ ಚುರುಕು ಓಟ. ಕಾಡಿನ ಸರದಿ 2023ರಲ್ಲಿ ಸ್ವಿಟ್ಜರ್ಲೆಂಡಿನ ಫ್ಲಿಮ್ಸ್-ಲಾಕ್ಸ್‌ಗೂ 2025ರಲ್ಲಿ ಫಿನ್ಲೆಂಡಿನ ಕುವೋಪಿಯೋಗೂ ಬಂದಿತ್ತು.

ಈ ಚಾಂಪಿಯನ್‌ಶಿಪ್ಪಿನ ನಿಯಮಾವಳಿಯಲ್ಲಿ ನನ್ನ ಗಮನ ಸೆಳೆದದ್ದು ಅಪರಿಚಯವನ್ನು ಕಾಯ್ದುಕೊಳ್ಳಲು ಅವರು ಪಡುವ ಪಾಡು. ಸ್ಪರ್ಧೆಯ ಕಾಡು ಯಾವುದೆಂದು ಘೋಷಿಸಿದ ದಿನದಿಂದಲೇ ಸಂಭಾವ್ಯ ಸ್ಪರ್ಧಿಗಳಿಗೂ ತರಬೇತುದಾರರಿಗೂ ಅಲ್ಲಿ ಪ್ರವೇಶ ನಿಷಿದ್ಧ. ಓಟದ ದಿನ ಮೊದಲು ಓಡಿ ಬಂದವರು ಕಾದಿರುವವರಿಗೆ ಸುಳಿವು ಕೊಡಬಾರದೆಂದು, ಹೊರಡದಿರುವವರನ್ನು ಬೇರೆಯಾಗಿಯೇ ಕೂರಿಸಿರುತ್ತಾರೆ. ಕಾಡಿನ ವೈಯಕ್ತಿಕ ಓಟಗಳಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಬೀಳದಂತೆ ಕೆಲವು ನಿಮಿಷಗಳ ಅಂತರ ಕೊಟ್ಟು ಒಬ್ಬೊಬ್ಬರನ್ನೇ ಬಿಡುತ್ತಾರೆ. ಕಂಟ್ರೋಲ್ ಬಂಡೆಯ ಯಾವ ಮಗ್ಗುಲಲ್ಲಿದೆ ಎಂಬ ವಿವರವೂ ಮಾತಿನಲ್ಲಿರದೆ ಚಿಹ್ನೆಗಳಲ್ಲಿರುವುದರಿಂದ ಭಾಷೆ ಬಲ್ಲವರಿಗೆಂದು ಹೆಚ್ಚಿನ ಅನುಕೂಲವೇನೂ ಸಿಗದು. ನಕಾಶೆ ಕೈಗೆ ಬರುವುದು ಹೊರಡುವ ಕ್ಷಣದಲ್ಲಿ.

ಆ ನಕಾಶೆಯನ್ನು ಒಮ್ಮೆ ನೋಡಿದವರು ಮರೆಯಲಾರರು. ನಮಗೆ ಪರಿಚಿತವಾದ ಸರ್ವೇ ಆಫ್ ಇಂಡಿಯಾದ ಸ್ಥಳಾಕೃತಿ ನಕಾಶೆ 1:50,000 ಪ್ರಮಾಣದ್ದು. ಅದರಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ, ಅಂದರೆ ಮನೆಯಷ್ಟು ದೊಡ್ಡ ದಿಬ್ಬವೊಂದು ಅದರಲ್ಲಿ ಕಾಣದೆಯೇ ಹೋಗಬಹುದು. ದೂರದ ಓಟದ ಓರಿಯಂಟೀರಿಂಗ್ ನಕಾಶೆ 1:15,000 ಪ್ರಮಾಣದ್ದು, ರೇಖೆಗಳ ಅಂತರ ಸಾಮಾನ್ಯವಾಗಿ ಐದೇ ಮೀಟರ್. ಬಂಡೆ, ಹೊಂಡ, ಜೌಗು ಎಲ್ಲವೂ ಅದರಲ್ಲಿ ಇರುತ್ತವೆ. ಸರಾಗವಾಗಿ ಓಡಬಹುದಾದ ಕಾಡಿಗೆ ಬಿಳಿ ಬಣ್ಣ. ಒತ್ತು ಹೆಚ್ಚಿದಷ್ಟೂ ಹಸಿರು ಗಾಢವಾಗುತ್ತ, ನುಗ್ಗಲಾಗದ ಪೊದೆಗೆ ಕಡುಹಸಿರು.

ಪುರುಷರ ದೂರದ ಓಟ ಒಂದೂವರೆ ತಾಸಿನ ಆಸುಪಾಸಿನದು, ಮತ್ತು ಆ ಅವಧಿಯುದ್ದಕ್ಕೂ ಕಾಲಿನಷ್ಟೇ ಬುದ್ಧಿಗೂ ಬಿಡುವಿಲ್ಲ. ಅಡ್ಡ ಬಂದ ಗುಡ್ಡವನ್ನು ಹತ್ತಿ ಇಳಿಯಬೇಕೋ, ಸುತ್ತು ಹಾಕಬೇಕೋ? ಹತ್ತು ಮೀಟರ್ ಏರಿಕೆ ಎಂದರೆ ಸಮತಟ್ಟಿನ ಸುಮಾರು ನೂರು ಮೀಟರ್ ಓಟಕ್ಕೆ ಸಮ ಎಂಬುದೊಂದು ಅಂದಾಜಿನ ಲೆಕ್ಕ ಓಟಗಾರರಲ್ಲಿದೆ. ಆದರೆ ಏದುಸಿರು ಬಿಡುತ್ತ ಆ ಲೆಕ್ಕ ಹಾಕುವುದು ಬೇರೆ ಮಾತು. ಪಳಗಿದವರು ಕಂಟ್ರೋಲಿನ ಕಡೆಗೆ ನೇರವಾಗಿ ಧಾವಿಸುವುದಿಲ್ಲ. ಅದರ ಹತ್ತಿರದಲ್ಲಿ ತಪ್ಪಲು ಸಾಧ್ಯವೇ ಇಲ್ಲದ ಒಂದು ಗುರುತನ್ನು, ಹಳ್ಳಗಳು ಕೂಡುವ ಜಾಗವನ್ನೋ ದೊಡ್ಡ ಬಂಡೆಯನ್ನೋ ನಕಾಶೆಯಲ್ಲಿ ಆರಿಸಿಕೊಂಡು, ಅಲ್ಲಿಯವರೆಗೆ ವೇಗವಾಗಿ ಓಡಿ, ಅಲ್ಲಿಂದ ಮುಂದೆ ಬೇಕೆಂದೇ ನಿಧಾನಿಸುತ್ತಾರೆ. ಸೋಲುಗಳು ಬಹಳಷ್ಟು ಈ ನಿಧಾನವನ್ನು ಬಿಟ್ಟುಕೊಟ್ಟಲ್ಲಿ ಆಗುತ್ತವೆ.

ಕಾಡಿನೊಳಗಿನ ಓಟಕ್ಕೆ ಸಾಕ್ಷಿಗಳು ಕಡಿಮೆ ಎಂಬುದನ್ನು ನೆನೆದಾಗ 2009ರ ಪ್ರಸಂಗವೊಂದನ್ನು ಹೇಳಲೇಬೇಕು. ಹಂಗೇರಿಯ ಮಿಷ್ಕೋಲ್ಟ್ಸ್‌ನಲ್ಲಿ ಪುರುಷರ ರಿಲೇಯ ಕೊನೆಯ ಸುತ್ತು ನಡೆದಿತ್ತು. ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್ ಅವರ ತೊಡೆಗೆ ಮರದ ಕೊಂಬೆಯೊಂದು ಆಳವಾಗಿ ಚುಚ್ಚಿಕೊಂಡಿತು. ಚಿನ್ನದ ದಾರಿಯಲ್ಲಿದ್ದ ಫ್ರಾನ್ಸಿನ ತಿಯೆರಿ ಜಾರ್ಜಿಯೂ, ನಾರ್ವೆಯ ಆಂಡರ್ಸ್ ನೂರ್ಡ್‌ಬರ್ಗ್, ಝೆಕ್ ದೇಶದ ಮಿಖಾಲ್ ಸ್ಮೋಲಾ ಮೂವರೂ ಓಟ ನಿಲ್ಲಿಸಿ ಅವರ ನೆರವಿಗೆ ನಿಂತರು. ಆ ನಾಲ್ಕು ದೇಶಗಳಿಗೂ ಪದಕ ಸಿಗಲಿಲ್ಲ. ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಯಿತು.

ಇಂಥದೊಂದು ಕೂಟ ನಮ್ಮ ಘಟ್ಟದ ಮೇಲಿನ ಕಾಡಿನಲ್ಲಿ ನಡೆಯಬಹುದೇ? ಕಾಡಂತೂ ಇದೆ, ಯಾಣದಂಥ ಬಂಡೆಗಳೂ ಇವೆ. ಆದರೆ ನಾರ್ವೆ, ಸ್ವೀಡನ್ನುಗಳಲ್ಲಿ ಯಾರ ಕಾಡಿನಲ್ಲಾದರೂ ಕಾಲ್ನಡೆಯಲ್ಲಿ ಓಡಾಡುವ ಹಕ್ಕು ಎಲ್ಲರಿಗೂ ಇದೆ. ನಮ್ಮಲ್ಲಿ ಕಾಯ್ದಿಟ್ಟ ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕು, ಕಾಳಿ ಹುಲಿ ರಕ್ಷಿತಾರಣ್ಯದಲ್ಲಿ ಓಟದ ಮಾತೇ ಬೇಡ. ಹಾಗಾಗಿ ಮೊದಲು ನೆನಪಾಗುವುದು ಊರಂಚಿನ ಸೊಪ್ಪಿನಬೆಟ್ಟಗಳು. ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ರೂಢಿಯಿಂದ ಅವುಗಳ ಒಳಗೆ ಬೆಳಕು ಬೀಳುತ್ತದೆ, ಓಡಲು ಜಾಗವೂ ಇದೆ. ನಿತ್ಯಹರಿದ್ವರ್ಣದ ಕಾಡಾದರೆ ಬೆತ್ತದ ಮುಳ್ಳುಬಳ್ಳಿಗೇ ನಕಾಶೆಯ ಕಡುಹಸಿರು ಸಾಲದು. ದಿಕ್ಸೂಚಿಯಲ್ಲೂ ಒಂದು ತೊಡಕಿದೆ: ಉತ್ತರ ಯುರೋಪಿನಲ್ಲಿ ಭೂಕಾಂತಕ್ಷೇತ್ರ 70 ಡಿಗ್ರಿಗೂ ಮೀರಿ ನೆಲದತ್ತ ಬಾಗಿರುವುದರಿಂದ ಅಲ್ಲಿಗೆಂದು ತೂಗಿಸಿದ ಮುಳ್ಳು ನಮ್ಮಲ್ಲಿ ಓರೆಯಾಗಿ ತಳಕ್ಕೆ ತಾಗುತ್ತದೆ. ಈ ವಲಯಕ್ಕೆ ಹೊಂದುವ ದಿಕ್ಸೂಚಿಯನ್ನೇ ತರಿಸಬೇಕು.

ಕಾಲ ಯಾವುದು ಎಂಬುದು ಕೊನೆಯ ಪ್ರಶ್ನೆ, ಮತ್ತು ಅದೇ ಕಠಿಣವಾದದ್ದು. ಮಳೆಗಾಲದಲ್ಲಿ ಉಂಬಳ ಮತ್ತು ಜಾರುವ ದರೆ. ಡಿಸೆಂಬರಿನಿಂದ ಬೇಸಿಗೆಯವರೆಗೆ ಉಣುಗು ಹರಡುವ ಮಂಗನಕಾಯಿಲೆಯ ಭಯ; 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ನಮ್ಮ ಸಿದ್ದಾಪುರ ತಾಲ್ಲೂಕಿಗೂ ಹೊಸದಲ್ಲ. ಸ್ವೀಡನ್ನಿನ ಓಟಗಾರರಿಗೂ ಉಣುಗಿನಿಂದ ಬರುವ ಮೆದುಳಿನ ಜ್ವರದ ಕಾಟವಿದೆ, ಅದಕ್ಕೆ ಅವರು ಲಸಿಕೆ ಹಾಕಿಸಿಕೊಳ್ಳುತ್ತಾರೆ. ನಮ್ಮವರು ಉಣುಗನ್ನು ದೂರವಿಡುವ ಡೇಪಾ ತೈಲ ಹಚ್ಚಿಕೊಂಡು, ತುಂಬುತೋಳಿನ ಅಂಗಿ ತೊಟ್ಟು ಕಾಡಿಗೆ ಹೋಗುತ್ತಾರೆ. ಹೀಗೆ ಲೆಕ್ಕ ಹಾಕುತ್ತ ಹೋದರೆ ಉಳಿಯುವುದು ನವೆಂಬರಿನ ಕೆಲವು ವಾರಗಳು. ಆಗ ನೆಲ ಒಣಗಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ. ಅಡಿಕೆ ಕೊಯ್ಲಿಗೆ ಊರು ತೊಡಗಿಕೊಳ್ಳುವ ಮೊದಲೇ ಬೆಟ್ಟದ ಒಡೆಯರನ್ನು ಕಂಡು ಒಪ್ಪಿಗೆ ಪಡೆದು, ನಕಾಶೆ ತಯಾರಿಸುವ ಕೆಲಸವನ್ನು ಹಿಂದಿನ ಬೇಸಿಗೆಯಲ್ಲೇ ಮುಗಿಸಿಟ್ಟಿದ್ದರೆ, ಶಾಲಾ ಮಕ್ಕಳ ಮಟ್ಟದ ಒಂದು ಸ್ಪರ್ಧೆಗೆ ಅಷ್ಟು ವಾರಗಳು ಧಾರಾಳವಾಗಿ ಸಾಕು.

ನಮಸ್ಕಾರ.